ಆ್ಯಪ್‌ನಲ್ಲಿ ಹಸಿರು, ಮೋರಿಯಲ್ಲಿ ಕತ್ತಲೆ: ಒಂದು ವಾರ್ಡಿನ ದಾರಿದೀಪಗಳ ಪ್ರಕರಣ ಅಧ್ಯಯನ

ಮೋರಿ, ಅಂದರೆ ತೋಡಿನ ನೀರಿನ ಮೇಲಿನ ಸಣ್ಣ ಸೇತುವೆ, ಅದರ ಹತ್ತಿರದ ದಾರಿದೀಪದ ಬಗ್ಗೆ ಮೂರನೇ ಸಲ ದೂರು ಬಂದದ್ದು ನವೆಂಬರ್ ಎರಡನೇ ವಾರದಲ್ಲಿ. ಮೊದಲೆರಡು ಸಲವೂ ನಾನೇ ಹೋಗಿ ನೋಡಿದ್ದೆ. ಕಂಬದ ಬುಡದಲ್ಲಿ ಬೈಕ್ ನಿಲ್ಲಿಸಿ, ಕಂಬಕ್ಕೆ ಅಂಟಿಸಿದ ಕ್ಯೂಆರ್ ಚೀಟಿಗೆ ಮೊಬೈಲ್ ಹಿಡಿದು, ದಾರಿದೀಪ ಪರೀಕ್ಷಿಸುವ ಆ್ಯಪ್‌ನಲ್ಲಿ 17ನೇ ದೀಪ ತೆರೆದು ಆನ್ ಒತ್ತಿದ್ದೆ. ವೋಲ್ಟೇಜ್ 228. ಕರೆಂಟ್ 0.16 ಆಂಪಿಯರ್. ಪವರ್ 35 ವಾಟ್. ಪಕ್ಕದಲ್ಲಿ ಹಸಿರು ಚುಕ್ಕೆ. ಎರಡು ಸಲವೂ ‘ಸರಿ ಇದೆ’ ಎಂದು ಬರೆದು ದೂರು ಮುಗಿಸಿದ್ದೆ.

ಮೂರನೇ ಸಲ ಫೋನ್ ಮಾಡಿದವರು ಮೋರಿಯ ಆಚೆ ಬದಿಯ ಮನೆಯ ಅಕ್ಕ. ಅವರು ಬೆಳಗ್ಗೆ ಐದೂವರೆಗೆ ಹಾಲಿನ ಕ್ಯಾನ್ ಹಿಡಿದುಕೊಂಡು ಸೊಸೈಟಿಗೆ ನಡೆಯುವವರು. "ನೀವು ಸರಿ ಉಂಟು ಹೇಳ್ತೀರಿ. ನಾನು ದಿನಾ ಕತ್ತಲಲ್ಲೇ ಹೋಗುದು. ನಿನ್ನೆ ಮೋರಿ ಕಟ್ಟೆಯ ಮೇಲೆ ಕನ್ನಡಿ ಹಾವು ಮಲಗಿತ್ತು. ಒಮ್ಮೆ ರಾತ್ರಿ ಬಂದು ನೋಡಿ ಅಣ್ಣ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇನ್ನು ಹೇಳಿ ಪ್ರಯೋಜನ ಇಲ್ಲ ಎಂಬ ಹಾಗೆ ಇತ್ತು. ಅದು ನನಗೆ ಚೆನ್ನಾಗಿ ತಾಗಿತು.

ಆ ದೀಪ, ಅದರ ಹಿಂದೆ ಹೋಗಿ ನಮಗೆ ಸಿಕ್ಕಿದ ಮತ್ತೆರಡು ದೀಪಗಳು, ಆಮೇಲೆ ನಾವು ಕೆಲಸದ ಕ್ರಮವನ್ನು ಹೇಗೆ ಬದಲಿಸಿಕೊಂಡೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊಬೈಲ್ ಆ್ಯಪ್ ಹಿಡಿದು ದಾರಿದೀಪ ಪರೀಕ್ಷೆ ಮಾಡುವ ಬೇರೆ ತಂಡಗಳಿಗೂ ಇದೇ ತೊಂದರೆ ಬರಬಹುದು. ಬಂದಿರಲೂಬಹುದು.

ಇದು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಳಭಾಗದ ಒಂದು ವಾರ್ಡು. ಒಂದು ಬದಿಗೆ ಮುರಕಲ್ಲಿನ ಪದವು, ಇನ್ನೊಂದು ಬದಿಗೆ ಇಳಿಜಾರು, ಕೆಳಗೆ ಅಡಿಕೆ ತೋಟ. ರಸ್ತೆ ತೋಟವನ್ನು ಬಳಸಿಕೊಂಡು ಹಾವಿನ ಹಾಗೆ ಇಳಿಯುತ್ತದೆ. ಕರ್ನಾಟಕದ ಗಡಿ ದೂರ ಇಲ್ಲ. ವಾರ್ಡಿನಲ್ಲಿ 54 ದಾರಿದೀಪಗಳು, ಎಲ್ಲವೂ 35 ವಾಟಿನ ಎಲ್‌ಇಡಿ. ಕಂಬಗಳು ಕೇರಳದ ವಿದ್ಯುತ್ ಮಂಡಳಿಯಾದ ಕೆಎಸ್‌ಇಬಿಯದ್ದು, ದೀಪಗಳು ಪಂಚಾಯತಿನದ್ದು. ದೀಪ ನೋಡಿಕೊಳ್ಳುವ ಕಾಂಟ್ರಾಕ್ಟ್ ಹಿಡಿದವರ ಕೈಕೆಳಗೆ ನಾವು ಮೂರು ಜನ. ನಾನು, ಒಬ್ಬ ಹುಡುಗ, ಮತ್ತೆ ನಾವೆಲ್ಲ ದೊಡ್ಡಣ್ಣ ಎಂದು ಕರೆಯುವ ಹಿರಿಯರು. ಟ್ಯೂಬ್‌ಲೈಟ್, ಸೋಡಿಯಂ ದೀಪ, ಸಿಎಫ್‌ಎಲ್, ಎಲ್‌ಇಡಿ ನಾಲ್ಕನ್ನೂ ಕಂಬಕ್ಕೆ ಹಾಕಿದ ಕೈ ಅವರದ್ದು.

ಎಲ್‌ಇಡಿ ಬಂದ ಮೇಲೆ ದೀಪ ಹಾಳಾಗುವುದಿಲ್ಲ ಎಂದು ಜನ ತಿಳಿದಿದ್ದರು. ಡಬ್ಬದ ಮೇಲೆ 50,000 ಗಂಟೆ ಎಂದು ಬರೆದಿರುತ್ತದೆ. ದಿನಕ್ಕೆ 12 ಗಂಟೆ ಉರಿದರೆ 11 ವರ್ಷ ದಾಟಬೇಕು. ಆದರೆ ಆ ಲೆಕ್ಕ ಬೆಳಕು ಕೊಡುವ ಚಿಪ್ಪಿನದ್ದು. ಅದಕ್ಕೆ ಕರೆಂಟ್ ಹದ ಮಾಡಿ ಕೊಡುವ ಡ್ರೈವರ್ ಬೇರೆ. ಅದರೊಳಗಿನ ಕೆಪಾಸಿಟರ್ ಬಿಸಿಗೆ ಒಣಗುತ್ತದೆ, ಸಿಡಿಲು ಬಂದಾಗ ತಂತಿಯಲ್ಲಿ ಒಮ್ಮೆಗೇ ಏರುವ ವೋಲ್ಟೇಜಿಗೆ, ಅಂದರೆ ಸರ್ಜ್‌ಗೆ, ಸುಡುತ್ತದೆ. ನಮ್ಮಲ್ಲಿ ತುಲಾಮಾಸದ ಮಳೆ ಎಂದರೆ ಸಂಜೆ ಹೊತ್ತಿನ ಸಿಡಿಲು ಮಳೆ. ದೀಪ ಹೊತ್ತಿಕೊಳ್ಳುವ ಹೊತ್ತಿಗೇ ಸಿಡಿಲೂ ಬರುತ್ತದೆ. ಹಾಗಾಗಿ ಅಕ್ಟೋಬರ್ ಮುಗಿಯುವಾಗ ದೂರುಗಳ ರಾಶಿ. ಶಬರಿಮಲೆ ವ್ರತದ ಮಂಡಲ ಕಾಲ ಶುರುವಾಗುವ ಮೊದಲು, ಅಂದರೆ ನವೆಂಬರ್ ಮಧ್ಯದ ಒಳಗೆ, ಎಲ್ಲ ದೀಪ ಉರಿಯಬೇಕು. ಆಮೇಲೆ ಬೆಳಗಿನ ಜಾವದಲ್ಲೇ ಭಜನಾ ಮಂದಿರಕ್ಕೆ ಹೋಗುವವರು, ಮದ್ರಸಕ್ಕೆ ಹೋಗುವ ಮಕ್ಕಳು, ಹೆಡ್‌ಲೈಟ್ ಕಟ್ಟಿಕೊಂಡು ರಬ್ಬರ್ ತೋಟಕ್ಕೆ ಹೋಗುವವರು ಎಲ್ಲರೂ ಇದೇ ದಾರಿಯಲ್ಲಿ.

ಇನ್ನೊಂದು ವಿಷಯ ಇದೆ. ಮೀಟರ್ ಇಲ್ಲದ ದಾರಿದೀಪಕ್ಕೆ ದೀಪದ ವಾಟು, ಉರಿಯುವ ಗಂಟೆ ನೋಡಿ ಬಿಲ್ ಆಗುತ್ತದೆ. ಅಂದರೆ ಸತ್ತ ದೀಪಕ್ಕೂ ದುಡ್ಡು ಹೋಗುತ್ತಲೇ ಇರುತ್ತದೆ. ಪಂಚಾಯತು ದುಡ್ಡು ಕೊಡುತ್ತದೆ, ಅಕ್ಕ ಕತ್ತಲಲ್ಲಿ ನಡೆಯುತ್ತಾರೆ. ಇದು ನನಗೆ ಸಣ್ಣ ವಿಷಯ ಅಂತ ಅನಿಸುವುದಿಲ್ಲ.

ಆ್ಯಪ್ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಹೇಳಲೇಬೇಕು. ಪ್ರತಿ ಫಿಟ್ಟಿಂಗಿನ, ಅಂದರೆ ದೀಪದ ಇಡೀ ಡಬ್ಬಿಯ, ನೆತ್ತಿಯ ಮೇಲೆ ಅಂಗೈಯಷ್ಟು ಅಗಲದ ಕಂಟ್ರೋಲರ್ ಕೂರುತ್ತದೆ. ಸಾಕೆಟ್‌ನಲ್ಲಿಟ್ಟು ತಿರುಗಿಸಿದರೆ ಲಾಕ್ ಆಗುತ್ತದೆ. ನಾವು ಅದನ್ನು ಟೋಪಿ ಎನ್ನುತ್ತೇವೆ. ಅದರೊಳಗೆ ಬೆಳಕು ನೋಡುವ ಫೋಟೋಸೆಲ್, ಒಂದು ಗಡಿಯಾರ, ಕರೆಂಟ್ ಅಳೆಯುವ ಚಿಪ್, ಬ್ಲೂಟೂತ್ ರೇಡಿಯೋ ಇರುತ್ತದೆ. ಟೋಪಿಗಳು ಒಂದಕ್ಕೊಂದು ಮಾತಾಡುತ್ತವೆ. ನನ್ನ ಮೊಬೈಲ್ ಹತ್ತಿರದ ಒಂದು ಟೋಪಿಯನ್ನು ಹಿಡಿದರೆ ಸಾಕು. ನಾನು ಕೊಟ್ಟ ಆಜ್ಞೆ ಒಂದು ದೀಪದಿಂದ ಇನ್ನೊಂದಕ್ಕೆ ದಾಟಿಕೊಂಡು ದೂರದ ಕಂಬಕ್ಕೂ ಹೋಗುತ್ತದೆ. ಬ್ಲೂಟೂತ್ ಮೆಶ್ ಎನ್ನುವ ಈ ಪದ್ಧತಿ 2017ರಿಂದ ಬಳಕೆಗೆ ಬಂದದ್ದು. ಇಂಟರ್ನೆಟ್ ಬೇಡ, ಸಿಮ್ ಬೇಡ. ಗಡಿಯಲ್ಲಿ ಫೋನು ಒಮ್ಮೆ ಈ ಕಡೆಯ ಟವರ್, ಒಮ್ಮೆ ಆ ಕಡೆಯ ಟವರ್ ಹಿಡಿಯುತ್ತಾ ಇರುತ್ತದೆ, ತೋಟದ ಗುಂಡಿಗೆ ಇಳಿದರೆ ಎರಡೂ ಇಲ್ಲ. ಅಂಥ ಜಾಗಕ್ಕೆ ಇದು ನಿಜವಾಗಿ ಒಳ್ಳೆಯದು.

ಮೊದಲು ಹಗಲಲ್ಲಿ ದೀಪ ಪರೀಕ್ಷೆ ಮಾಡಬೇಕಾದರೆ ಇಡೀ ಸ್ಟ್ರೀಟ್ ಲೈನ್ ಆನ್ ಮಾಡಿಸಬೇಕಿತ್ತು. 54 ದೀಪ ಎಂದರೆ 1.9 ಕಿಲೋವಾಟ್ ಮಟಮಟ ಮಧ್ಯಾಹ್ನ ಉರಿಯುತ್ತಿತ್ತು. ಫೋಟೋಸೆಲ್ ಇದ್ದರೆ ಏಣಿ ಹತ್ತಿ ಅದಕ್ಕೆ ಕಪ್ಪು ಟೇಪ್ ಸುತ್ತಬೇಕು, ಆಮೇಲೆ ಇನ್ನೊಮ್ಮೆ ಹತ್ತಿ ಬಿಚ್ಚಬೇಕು. ಅದೂ ಆಗದಿದ್ದರೆ ರಾತ್ರಿ ಬೈಕಿನಲ್ಲಿ ಸುತ್ತಿ ಚೀಟಿಯಲ್ಲಿ ಬರೆದುಕೊಳ್ಳುವುದು. ಈಗ ಕಂಬದ ಕೆಳಗೆ ನಿಂತು ಒಂದು ದೀಪವನ್ನು ಮಾತ್ರ ಉರಿಸಬಹುದು, ಆರಿಸಬಹುದು, ಅರ್ಧ ಬೆಳಕಿಗೆ ಇಳಿಸಬಹುದು. ಹತ್ತುವ ಮೊದಲೇ ರೋಗ ಏನು ಎಂದು ಅಂದಾಜು ಸಿಗುತ್ತದೆ. ವೋಲ್ಟೇಜ್ ಸರಿಯಿದ್ದು ಪವರ್ ಒಂದೆರಡು ವಾಟ್ ಮಾತ್ರ ತೋರಿಸಿದರೆ ಡ್ರೈವರ್ ಅಥವಾ ಎಲ್‌ಇಡಿ ಹೋಗಿದೆ. ವೋಲ್ಟೇಜ್ 150, 170 ಎಂದು ಕುಣಿಯುತ್ತಿದ್ದರೆ ನ್ಯೂಟ್ರಲ್ ತಂತಿಯ ಜಾಯಿಂಟ್ ಸಡಿಲ. ಟೋಪಿ ಮಾತೇ ಆಡದಿದ್ದರೆ ಚುಕ್ಕೆ ಕೆಂಪಾಗುತ್ತದೆ. ಆಗ ಟೋಪಿ ಸುಟ್ಟಿದೆ, ಇಲ್ಲವೇ ಕಂಬಕ್ಕೆ ಸಪ್ಲೈ ಬರುತ್ತಿಲ್ಲ. ಅದನ್ನು ಮೇಲೆ ಹೋಗಿ ಟೆಸ್ಟರ್ ಇಟ್ಟೇ ನೋಡಬೇಕು.

ಇಷ್ಟೆಲ್ಲ ಸೌಕರ್ಯ ಇದ್ದೂ ಮೋರಿಯ ದೀಪ ಉರಿಯುತ್ತಿರಲಿಲ್ಲ.

ಅಕ್ಕನ ಫೋನ್ ಬಂದ ದಿನ ಮಧ್ಯಾಹ್ನ ನಾವು ಕೂತು ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟೆವು. ಒಂದು, ಜನ ಕೊಟ್ಟ ದೂರುಗಳು. 11 ದೀಪ. ಇನ್ನೊಂದು, ಆ್ಯಪ್‌ನಲ್ಲಿ ಕೆಂಪು ಚುಕ್ಕೆ ಇರುವ ದೀಪಗಳು. 9. ಎಂಟು ದೀಪ ಎರಡರಲ್ಲೂ ಇತ್ತು. ಅದರಲ್ಲಿ ತಲೆಬಿಸಿ ಇಲ್ಲ. ಮೂರರಲ್ಲಿ ಜಾಯಿಂಟ್ ತುಕ್ಕು ಹಿಡಿದಿತ್ತು, ಐದು ಸಿಡಿಲಿಗೆ ಹೋಗಿತ್ತು, ಎರಡು ದಿನದ ಕೆಲಸ. ಉಳಿದದ್ದೇ ವಿಚಿತ್ರ. ಮೂರು ದೀಪಗಳಿಗೆ ದೂರು ಇದೆ, ಆದರೆ ಆ್ಯಪ್‌ನಲ್ಲಿ ಹಸಿರು: 17, 31, 46. ಒಂದು ದೀಪ ಆ್ಯಪ್‌ನಲ್ಲಿ ಕೆಂಪು, ಆದರೆ ಒಬ್ಬರೂ ದೂರು ಕೊಟ್ಟಿಲ್ಲ: 23.

"ಇದು ಎಂತ ಲೆಕ್ಕ?" ಎಂದರು ದೊಡ್ಡಣ್ಣ. "23 ಅಂದ್ರೆ ಗೂಡಂಗಡಿ ಎದುರಿನದ್ದಲ್ವಾ? ಆ ದೀಪ ಒಂದು ರಾತ್ರಿ ಹೋದ್ರೆ ನಾಲ್ಕು ಜನ ಫೋನ್ ಮಾಡ್ತಾರೆ."

ಆ ಮಾತಿನಲ್ಲಿಯೇ ಉತ್ತರ ಇತ್ತು. ನನಗೆ ಆಗ ಹೊಳೆಯಲಿಲ್ಲ.

ಆವತ್ತು ಸಂಜೆ ನಾವು ಹಂಚಿಕೊಂಡು ನಿಂತೆವು. ನವೆಂಬರಿನಲ್ಲಿ ನಮ್ಮಲ್ಲಿ ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಆರೂವರೆಗೆ ಮೋರಿಯಲ್ಲಿ ಕೈ ಕಾಣದಷ್ಟು ಕತ್ತಲೆ. ಅಡಿಕೆ ಮರಗಳು ಎರಡೂ ಬದಿಯಿಂದ ಬಾಗಿ ಆಕಾಶವನ್ನೂ ಮುಚ್ಚಿವೆ. ಕೆಳಗೆ ತೋಡಿನ ನೀರಿನ ಸದ್ದು. ನಾನು ಕಂಬದ ಬುಡದಲ್ಲಿ ನಿಂತು ಮೇಲೆ ನೋಡಿದೆ. ಫಿಟ್ಟಿಂಗಿನ ಆಕಾರ ಮಾತ್ರ ಕಪ್ಪಗೆ ಕಾಣುತ್ತಿತ್ತು. ಆ್ಯಪ್ ತೆರೆದರೆ 17ನೇ ದೀಪ ಹಸಿರು, 35 ವಾಟ್, ಉರಿಯುತ್ತಿದೆ. ಕಣ್ಣೆದುರು ಕತ್ತಲೆ, ಕೈಯಲ್ಲಿ ಹಸಿರು ಚುಕ್ಕೆ.

ಹಗಲು ಎರಡು ಸಲ ಬಂದಾಗ ಇದು ಯಾಕೆ ಕಾಣಲಿಲ್ಲ? ನೆತ್ತಿಯ ಮೇಲೆ ಬಿಸಿಲು, ಮೇಲೆ ನೋಡಿದರೆ ಕಣ್ಣು ಕುಕ್ಕುತ್ತಿತ್ತು, ಗಾಜಿನ ಮೇಲೆ ಕೆಂಪು ಧೂಳು. ನಾನು ಒಮ್ಮೆ ಕತ್ತೆತ್ತಿ, ಅಂಕಿ ಸರಿ ಇದೆಯಲ್ಲ ಎಂದು ಮೊಬೈಲನ್ನೇ ನಂಬಿದೆ. ತಪ್ಪು ನನ್ನದು. ಆ ಅಕ್ಕ ಎರಡು ವಾರ ಜಾಸ್ತಿ ಕತ್ತಲಲ್ಲಿ ನಡೆದದ್ದು ನನ್ನಿಂದ.

ಆ್ಯಪ್‌ನಲ್ಲಿ ‘ಗುರುತಿಸು’ ಎಂಬ ಅರ್ಥದ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ದೀಪ ಒಂದಿಷ್ಟು ಹೊತ್ತು ಮಿಟುಕುತ್ತದೆ. ಅದನ್ನು ಒತ್ತಿದೆ. ಮೊಬೈಲಿನಲ್ಲಿ 35, ಸೊನ್ನೆ, 35, ಸೊನ್ನೆ ಎಂದು ಅಂಕಿ ಓಡಿತು. ಮೇಲಿನ ದೀಪ ಕದಲಲಿಲ್ಲ. ಅಷ್ಟರಲ್ಲಿ ಫೋನ್ ಬಂತು, ಗೂಡಂಗಡಿ ಎದುರು ನಿಂತಿದ್ದ ದೊಡ್ಡಣ್ಣನದ್ದು.

"ಮಾರಾಯ, ಇಲ್ಲಿ ಅಂಗಡಿ ಎದುರಿನ ದೀಪ ಕುಣಿತಾ ಉಂಟು. ನೀನಾ ಮಾಡುದು?"

ಅಂಗಡಿಗೂ ಮೋರಿಗೂ ರಸ್ತೆಯಲ್ಲಿ 400 ಮೀಟರ್‌ಗಿಂತ ಜಾಸ್ತಿ. ತೋಟದ ಮೇಲಿಂದ ನೇರ ನೋಡಿದರೆ ಅದರ ಅರ್ಧವೂ ಇಲ್ಲ. ನಾನು ತಿರುಗಿ ನೋಡಿದಾಗ ಅಡಿಕೆ ಮರಗಳ ಸಂದಿಯಲ್ಲಿ ಬೆಳಕೊಂದು ಹೋಗುತ್ತಾ ಬರುತ್ತಾ ಇತ್ತು.

ಮರುದಿನ ಬೆಳಗ್ಗೆ ಕೆಎಸ್‌ಇಬಿಯ ಸೆಕ್ಷನ್ ಆಫೀಸಿಗೆ ಹೇಳಿ ಲೈನ್ ಆಫ್ ಮಾಡಿಸಿ ದೊಡ್ಡಣ್ಣ 17ನೇ ಕಂಬ ಹತ್ತಿದರು. ಫಿಟ್ಟಿಂಗ್ ಬಿಚ್ಚಿ ಕೆಳಗೆ ತಂದೆವು. ಮುಚ್ಚಳ ತೆಗೆದ ಕೂಡಲೇ ಸುಟ್ಟ ಪ್ಲಾಸ್ಟಿಕ್ಕಿನ ಹಳೆ ವಾಸನೆ. ಸರ್ಜ್ ತಡೆಯುವ ಪುಟ್ಟ ಡಬ್ಬಿ ಕಪ್ಪಾಗಿತ್ತು. ಡ್ರೈವರಿನ ಕೆಪಾಸಿಟರಿನ ತಲೆ ಉಬ್ಬಿ ಒಡೆದಿತ್ತು. ಮೂಲೆಯಲ್ಲಿ ಇರುವೆಗಳು ಮಣ್ಣು ತಂದು ಗೂಡು ಕಟ್ಟಿದ್ದವು. ಮಣ್ಣು ಒಣಗಿ ಗಟ್ಟಿಯಾಗಿತ್ತು. ಅಂದರೆ ಈ ಫಿಟ್ಟಿಂಗ್ ಸತ್ತು ಒಂದೆರಡು ವಾರ ಅಲ್ಲ, ತಿಂಗಳುಗಳೇ ಆಗಿವೆ. ಟೋಪಿಯನ್ನು ತಿರುಗಿಸಿ ಅಡಿಯ ಚೀಟಿಯನ್ನು ಬಟ್ಟೆಯಲ್ಲಿ ಉಜ್ಜಿದೆ. ಸೀರಿಯಲ್ ನಂಬರ್ ಮಾಸಿತ್ತು, ಕೊನೆಯ ನಾಲ್ಕು ಅಂಕಿ ಮಾತ್ರ ಓದಬಹುದಿತ್ತು. ಆ್ಯಪ್‌ನ ಪಟ್ಟಿಯಲ್ಲಿ ಹುಡುಕಿದೆ. ಅದು 23ರ ಟೋಪಿ.

ಹಾಗಾದರೆ ನಡೆದದ್ದು ಇಷ್ಟು. ಹಿಂದೆ ಯಾವಾಗಲೋ ಅಂಗಡಿ ಎದುರಿನ ದೀಪ ಸುಟ್ಟಿದೆ. ಬದಲಿ ಸ್ಟಾಕ್ ಇರಲಿಲ್ಲ. ಅಂಗಡಿ ಹತ್ತಿರ ಜನ ಜಾಸ್ತಿ, ಮೋರಿ ಹತ್ತಿರ ಮನೆ ಎರಡೇ. ಆಗ ಕೆಲಸ ಮಾಡಿದವರು ಮೋರಿಯ ಒಳ್ಳೆಯ ಫಿಟ್ಟಿಂಗನ್ನು ಬಿಚ್ಚಿ ಅಂಗಡಿ ಎದುರು ಹಾಕಿ, ಸತ್ತದ್ದನ್ನು ಮೋರಿಯ ಕಂಬಕ್ಕೆ ತೂಗುಹಾಕಿದ್ದಾರೆ. ಹೊಸದು ಬಂದ ಮೇಲೆ ಸರಿ ಮಾಡುವ ಯೋಚನೆ ಇದ್ದಿರಬೇಕು. ಟೋಪಿಗಳು ಫಿಟ್ಟಿಂಗಿನ ಜೊತೆಗೇ ಹೋದವು. ಕ್ಯೂಆರ್ ಚೀಟಿಗಳು ಕಂಬದಲ್ಲೇ ಉಳಿದವು. ಆ್ಯಪ್‌ನಲ್ಲಿ ಯಾರೂ ಏನೂ ಬದಲಿಸಲಿಲ್ಲ.

ಆ್ಯಪ್ ಸುಳ್ಳು ಹೇಳಿರಲಿಲ್ಲ. ನಾನು 17ನ್ನು ಕೇಳಿದೆ, 17ರ ಟೋಪಿ ‘ನಾನು ಉರಿಯುತ್ತಿದ್ದೇನೆ’ ಎಂದಿತು. ಅದು ನಿಜವಾಗಿ ಉರಿಯುತ್ತಲೇ ಇತ್ತು, ಬೇರೆ ಕಂಬದಲ್ಲಿ. ಆ್ಯಪ್‌ಗೆ ಗೊತ್ತಿರುವುದು ಟೋಪಿ ಮಾತ್ರ. ಕಂಬ ಗೊತ್ತಿಲ್ಲ, ಮೋರಿ ಗೊತ್ತಿಲ್ಲ, ಹಾಲಿನ ಕ್ಯಾನ್ ಹಿಡಿದು ನಡೆಯುವವರು ಗೊತ್ತಿಲ್ಲ. ಟೋಪಿಯನ್ನೂ ಕಂಬವನ್ನೂ ಒಟ್ಟಿಗೆ ಇಡುವ ಕೆಲಸ ಮನುಷ್ಯರದ್ದು. ಅದು ತಪ್ಪಿದರೆ ಉಳಿದ ಎಲ್ಲ ಅಂಕಿಗಳೂ ಸರಿಯಾಗಿದ್ದುಕೊಂಡೇ ದಾರಿ ತಪ್ಪಿಸುತ್ತವೆ.

ಆ ದಿನವೇ ಇನ್ನೊಂದು ವಿಷಯ ಗಮನಕ್ಕೆ ಬಂತು. ನಾವು ಬಳಸುವ ಆ್ಯಪ್‌ನಲ್ಲಿ ದೀಪದ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ, ಉತ್ತರ ಎಷ್ಟು ದೀಪಗಳನ್ನು ದಾಟಿಕೊಂಡು ಬಂತು ಎಂದು ತೋರಿಸುತ್ತದೆ. ಕಂಬದ ಕೆಳಗೇ ನಿಂತಿದ್ದರೆ ಅದು ಸೊನ್ನೆ ಇರಬೇಕು. ಮೋರಿಯಲ್ಲಿ ನಿಂತು 17 ತೆರೆದಾಗ ಅಲ್ಲಿ 3 ಎಂದಿತ್ತು. ಮೊದಲ ದಿನವೇ ಅದನ್ನು ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನೆತ್ತಿಯ ಮೇಲಿರುವ ದೀಪ ಮೂರು ದೀಪ ದಾಟಿ ಯಾಕೆ ಮಾತಾಡಬೇಕು, ಅಲ್ವಾ? ಈಗ ನಾವು ವೋಲ್ಟೇಜ್ ನೋಡುವ ಮೊದಲು ಆ ಅಂಕಿ ನೋಡುತ್ತೇವೆ.

17ಕ್ಕೆ ಹೊಸ ಫಿಟ್ಟಿಂಗ್ ಹಾಕಿದೆವು. ಅಂಗಡಿ ಎದುರಿನದ್ದನ್ನು ಆ್ಯಪ್‌ನಲ್ಲಿ 23 ಎಂದು ಮತ್ತೆ ಸೇರಿಸಿದೆವು. ಆದರೆ ಇಂಥದ್ದು ಒಂದೇ ಇರುತ್ತದೆ ಎಂದು ಹೇಗೆ ನಂಬುವುದು? ಎರಡು ಸಂಜೆ ಕೂತು 54 ದೀಪಗಳನ್ನೂ ಒಂದೊಂದಾಗಿ ಮಿಟುಕಿಸಿ ನೋಡಿದೆವು. ಒಬ್ಬರು ಒತ್ತುವುದು, ಇನ್ನೊಬ್ಬರು ಕಂಬದ ಕೆಳಗೆ ನಿಂತು ‘ಬಂತು’ ಎನ್ನುವುದು. ಅಕ್ಕಪಕ್ಕದ ಇನ್ನೆರಡು ದೀಪಗಳ ನಂಬರು ಅದಲುಬದಲಾಗಿತ್ತು. ಎರಡೂ ಉರಿಯುತ್ತಿದ್ದ ಕಾರಣ ಯಾರಿಗೂ ಗೊತ್ತಾಗಿರಲಿಲ್ಲ. ಮಕ್ಕಳು ಮನೆಯಿಂದ ಹೊರಗೆ ಬಂದು ನಮ್ಮ ಜೊತೆ ಎಣಿಸಿದರು.

31ನೇ ದೀಪದ ಕಥೆ ಬೇರೆ. ಅದು ಅದರದೇ ಕಂಬದಲ್ಲಿತ್ತು. ಹಗಲು ಆನ್ ಕೊಟ್ಟರೆ ಕಣ್ಣೆದುರೇ ಹೊತ್ತಿಕೊಳ್ಳುತ್ತಿತ್ತು. ಆದರೂ ದೂರು. ಆ ಮನೆಯ ಮಾಷ್ಟ್ರು ಸ್ಪಷ್ಟವಾಗಿ ಹೇಳಿದರು: "ಸಂಜೆ ಉರೀತದೆ. ನಾವು ಊಟಕ್ಕೆ ಕೂರುವಾಗ ಹೋಗ್ತದೆ. ಮಲಗುವಾಗ ಪುನಃ ಬರ್ತದೆ." ಬಿಸಿಯಾದ ಡ್ರೈವರ್ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ, ತಣಿದ ಮೇಲೆ ಮತ್ತೆ ಹೊತ್ತುತ್ತದೆ. ನಮ್ಮ ಹಗಲಿನ ಪರೀಕ್ಷೆ ಎರಡು ನಿಮಿಷದ್ದು. ಅದಕ್ಕೆ ಬಿಸಿ ಏರಲು ಮುಕ್ಕಾಲು ಗಂಟೆ ಬೇಕು. ಎರಡು ನಿಮಿಷದಲ್ಲಿ ಅದು ಯಾವಾಗಲೂ ಪಾಸು.

ಇದನ್ನು ಹಿಡಿಯಲು ಆ್ಯಪ್ ನಿಜವಾಗಿ ಸಹಾಯ ಮಾಡಿತು. ಪ್ರತಿ ಟೋಪಿಯೂ ದೀಪ ಎಷ್ಟು ಯೂನಿಟ್ ತಿಂದಿತು ಎಂದು ಲೆಕ್ಕ ಇಡುತ್ತದೆ. 35 ವಾಟಿನ ದೀಪ ದಿನಕ್ಕೆ 12 ಗಂಟೆಯ ಹಾಗೆ ತಿಂಗಳಿಗೆ 12.6 ಯೂನಿಟ್ ಆಗಬೇಕು. ಪಟ್ಟಿಯಲ್ಲಿ ಸರಿಯಾಗಿ ಉರಿಯುತ್ತಿದ್ದ ದೀಪಗಳೆಲ್ಲ ಅದರ ಆಸುಪಾಸು ಇದ್ದವು. 31ರದ್ದು ಏಳಕ್ಕಿಂತ ಸ್ವಲ್ಪ ಜಾಸ್ತಿ. ಚುಕ್ಕೆ ಹಸಿರು ಇದ್ದರೂ ರಾತ್ರಿಯ ಅರ್ಧ ಹೊತ್ತು ದೀಪ ಇರಲಿಲ್ಲ ಎಂದು ಆ ಒಂದು ಅಂಕಿ ಹೇಳಿತು. ನನಗೆ ಕೇಳಿದರೆ ಆ್ಯಪ್‌ನಲ್ಲಿ ಅತಿ ಬೆಲೆಬಾಳುವ ಪುಟ ಅದೇ. ಆನ್ ಆಫ್ ಗುಂಡಿಗಿಂತಲೂ ಅದೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಡ್ರೈವರ್ ಬದಲಿಸಿದೆವು. ಈಗ ಡ್ರೈವರ್ ಬದಲಿಸಿದ ದೀಪವನ್ನು ಕನಿಷ್ಠ ಒಂದು ಗಂಟೆ ಉರಿಸಿಟ್ಟು, ಆಮೇಲೆ ಪವರ್ ಇನ್ನೊಮ್ಮೆ ನೋಡಿಯೇ ಹೊರಡುತ್ತೇವೆ. ಅಷ್ಟು ಹೊತ್ತಿನಲ್ಲಿ ಪಕ್ಕದ ಕಂಬಗಳ ಕೆಲಸ ಆಗುತ್ತದೆ.

46ನೇ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಮಳೆಗಾಲದಲ್ಲಿ ಬೆಳೆದ ಹಲಸಿನ ಗೆಲ್ಲು ಅದರ ಕೆಳಗೆ ಚಪ್ಪರ ಹಾಕಿತ್ತು, ಬೆಳಕೆಲ್ಲ ಎಲೆಗಳ ಮೇಲೆ ಬೀಳುತ್ತಿತ್ತು. ಮನೆಯವರನ್ನು ಕೇಳಿ ಗೆಲ್ಲು ಕಡಿಸಿದೆವು.

ಈ ಕೆಲಸದ ನಡುವೆ ನಡೆದ ಒಂದು ಘಟನೆಯನ್ನು ನಾನು ಯಾರಿಗೆ ಹೇಳುವಾಗಲೂ ಬಿಡುವುದಿಲ್ಲ. ಸತ್ತ ಎಂಟು ದೀಪಗಳನ್ನು ಸರಿಮಾಡುತ್ತಿದ್ದ ದಿನ. ಅದರ ನಡುವೆ 12ನೇ ಕಂಬದ, ಸರಿಯಾಗಿಯೇ ಇದ್ದ ದೀಪದ ಒಂದು ಸ್ಕ್ರೂ ಬಿಗಿ ಮಾಡುವುದಿತ್ತು. ಸಣ್ಣ ಕೆಲಸ ಎಂದು ಲೈನ್ ಆಫ್ ಮಾಡಿಸಲಿಲ್ಲ. ನಾನು ಆ್ಯಪ್‌ನಲ್ಲಿ ಆಫ್ ಒತ್ತಿದೆ. ದೊಡ್ಡಣ್ಣ ಏಣಿ ಹತ್ತಿದರು. ಬಿಸಿಲು ಜೋರಿತ್ತು. ಹೆಗಲ ಮೇಲಿನ ಬೈರಾಸು (ಟವೆಲು) ತೆಗೆದು ಟೋಪಿಯ ಮೇಲೆ ಹಾಕಿದರು. ಸ್ಕ್ರೂ ತುಕ್ಕು ಹಿಡಿದು ತಡವಾಯಿತು. ಇದ್ದಕ್ಕಿದ್ದ ಹಾಗೆ ಅವರ ಮೊಣಕೈ ಪಕ್ಕದಲ್ಲೇ ದೀಪ ಹೊತ್ತಿಕೊಂಡಿತು.

ಆ್ಯಪ್‌ನಲ್ಲಿ ಕೈಯಿಂದ ಕೊಟ್ಟ ಆಜ್ಞೆಗೆ 15 ನಿಮಿಷದ ಅವಧಿ ಇಟ್ಟಿದ್ದೆವು. ಅವಧಿ ಮುಗಿದ ಕೂಡಲೇ ಟೋಪಿ ತನ್ನ ಮಾಮೂಲಿ ಕೆಲಸಕ್ಕೆ ಮರಳಿತು. ಮೇಲೆ ಬೈರಾಸು ಇದ್ದ ಕಾರಣ ಫೋಟೋಸೆಲ್‌ಗೆ ಕತ್ತಲೆ ಕಂಡಿತು. ರಾತ್ರಿಯಾಯಿತೆಂದು ದೀಪ ಉರಿಸಿತು. ದೊಡ್ಡಣ್ಣನಿಗೆ ಏನೂ ಆಗಲಿಲ್ಲ. ಕೆಳಗೆ ಏಣಿ ಹಿಡಿದಿದ್ದ ಹುಡುಗನ ಕೈ ಮಾತ್ರ ತುಂಬ ಹೊತ್ತು ನಡುಗುತ್ತಿತ್ತು.

ದೀಪ ಹೊತ್ತಿದ್ದಕ್ಕಿಂತ ದೊಡ್ಡ ಅಪಾಯ ಇನ್ನೊಂದಿತ್ತು. ದೀಪ ಆರಿದ್ದಾಗಲೂ ಆ ಫಿಟ್ಟಿಂಗಿನೊಳಗೆ 230 ವೋಲ್ಟ್ ಇದ್ದೇ ಇತ್ತು. ಆ್ಯಪ್ ಆರಿಸುವುದು ದೀಪವನ್ನು, ಲೈನನ್ನಲ್ಲ. ಹಳೆಯ ಕಾಲದಲ್ಲಿ ಸ್ಟ್ರೀಟ್ ಲೈನ್ ಹಗಲಲ್ಲಿ ಆಫ್ ಇರುತ್ತಿತ್ತು, ಸಂಜೆ ಸ್ವಿಚ್ ಹಾಕಿದ ಮೇಲೆಯೇ ಅದಕ್ಕೆ ಜೀವ. ಈಗ ಟೋಪಿಗಳು ಎಚ್ಚರ ಇರಬೇಕಾದರೆ ಆ ತಂತಿಗೆ 24 ಗಂಟೆಯೂ ಸಪ್ಲೈ ಬೇಕು. ಹಗಲು ಸ್ಟ್ರೀಟ್ ಲೈನ್ ಸತ್ತಿರುತ್ತದೆ ಎಂಬ ಅಭ್ಯಾಸದಲ್ಲಿ ಬೆಳೆದ ಕೈಗಳಿಗೆ ಇದು ಬಹಳ ಕೆಟ್ಟ ಬದಲಾವಣೆ. ಆವತ್ತಿನಿಂದ ಒಂದು ಸ್ಕ್ರೂ ಮುಟ್ಟುವುದಕ್ಕೂ ಲೈನ್ ಆಫ್ ಮಾಡಿಸಿ, ಫ್ಯೂಸ್ ತೆಗೆದು ಕಿಸೆಯಲ್ಲಿಟ್ಟುಕೊಂಡು, ಮೇಲೆ ಹೋಗಿ ಟೆಸ್ಟರ್ ಇಟ್ಟು ನೋಡಿದ ಮೇಲೆಯೇ ಕೈ ಹಾಕುವುದು. ಅಲ್ಯುಮಿನಿಯಂ ಏಣಿಯನ್ನು ವಾಪಸ್ ಕೊಟ್ಟು ಫೈಬರ್ ಏಣಿ ತರಿಸಿದೆವು. ಮೊಬೈಲು ಹಿಡಿಯುವುದು ಏಣಿ ಹತ್ತುವ ಮೊದಲು ಮತ್ತು ಇಳಿದ ಮೇಲೆ ಮಾತ್ರ.

15 ನಿಮಿಷದ ಅವಧಿಯನ್ನು ತೆಗೆದುಬಿಡೋಣ ಎಂದು ಹುಡುಗ ಹೇಳಿದ. ತೆಗೆಯಲಿಲ್ಲ. ಅವಧಿ ಇಲ್ಲದೆ ಆನ್ ಕೊಟ್ಟು ಮರೆತರೆ ಏನಾಗುತ್ತದೆ ಎಂದು ಮೊದಲೇ ಅನುಭವ ಆಗಿತ್ತು. ಒಮ್ಮೆ 19 ದೀಪಗಳು ಎರಡು ಹಗಲು ಸುಮ್ನೆ ಉರಿದಿದ್ದವು. ದಿನಕ್ಕೆ ಸುಮಾರು 8 ಯೂನಿಟ್. ವಾರ್ಡಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೋ ಬಂದ ಮೇಲೆ ನಮಗೆ ಗೊತ್ತಾಯಿತು. ಜನ ಸಿಟ್ಟಾದದ್ದು ನ್ಯಾಯವೇ. ಒಂದು ಕಡೆ ಮೋರಿ ಕತ್ತಲೆ, ಇನ್ನೊಂದು ಕಡೆ ಹಗಲು ದೀಪ.

ಭಾಷೆಯ ವಿಷಯ ಹೇಳದೆ ಈ ಪ್ರಕರಣ ಪೂರ್ತಿ ಆಗುವುದಿಲ್ಲ. ಆ್ಯಪ್ ಇಂಗ್ಲಿಷಿನಲ್ಲಿದೆ. ಪಂಚಾಯತಿನ ಫೈಲು ಮಲಯಾಳದಲ್ಲಿ. ದೂರು ಬರುವುದು ಕನ್ನಡದಲ್ಲಿ, ತುಳುವಿನಲ್ಲಿ. "ಕಟ್ಟೆ ಹತ್ತಿರದ್ದು", "ಮಂದಿರದ ಮೆಟ್ಟಿಲಿನ ಎದುರಿನದ್ದು", "ಕಂಬೊಡು ಬೊಲ್ಪು ಇಜ್ಜಿ" (ಕಂಬದಲ್ಲಿ ಬೆಳಕಿಲ್ಲ). 17, 23 ಎಂದು ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ಜಾಗದ ಹೆಸರುಗಳು ಇಲ್ಲಿಯೇ ಉಳಿದಿವೆ. ಮೊದಲ ಎರಡು ದೂರುಗಳಲ್ಲಿ ಅಕ್ಕ ಹೇಳಿದ್ದು ‘ಮೋರಿಯ ದೀಪ’ ಎಂದು. ಅದನ್ನು ರಿಜಿಸ್ಟರಿನಲ್ಲಿ ‘17’ ಎಂದು ಮಾಡಿದ್ದು ನಾವು. ಆಮೇಲೆ ನಾವು 17ನ್ನು ನೋಡಿದೆವು, ಮೋರಿಯನ್ನು ನೋಡಲಿಲ್ಲ.

ಈಗ ಪ್ರತಿ ದೀಪದ ಟಿಪ್ಪಣಿ ಜಾಗದಲ್ಲಿ ಕನ್ನಡದಲ್ಲಿ ಊರಿನ ಹೆಸರು ಬರೆದಿದ್ದೇವೆ. ‘ಮೋರಿ, ಪಡುಬದಿ’, ‘ಗೂಡಂಗಡಿ ಎದುರು’, ‘ಹಲಸಿನ ಮರದ ತಿರುವು’. ಆ್ಯಪ್ ಕನ್ನಡ ಅಕ್ಷರ ತೆಗೆದುಕೊಳ್ಳುತ್ತದೆ. ಪಟ್ಟಿಯನ್ನು ಪಂಚಾಯತಿನ ಕಂಪ್ಯೂಟರಿಗೆ ಕಳಿಸಿದರೆ ಅಲ್ಲಿ ಬರೀ ಚೌಕಗಳು ಬರುತ್ತಿದ್ದವು. ಹಾಗಾಗಿ ಅದೇ ಪಟ್ಟಿಯನ್ನು ಕನ್ನಡ, ಮಲಯಾಳ ಎರಡರಲ್ಲೂ ಕೈಯಲ್ಲಿ ಬರೆದು ಲ್ಯಾಮಿನೇಟ್ ಮಾಡಿ ಒಂದು ಪ್ರತಿ ಆಫೀಸಿಗೆ, ಒಂದು ವಾರ್ಡ್ ಮೆಂಬರಿಗೆ, ಒಂದು ಗೂಡಂಗಡಿಯ ಗೋಡೆಗೆ ಕೊಟ್ಟೆವು. ಅಂಗಡಿಯ ಪ್ರತಿ ಹೆಚ್ಚು ಕೆಲಸ ಮಾಡುತ್ತಿದೆ. ಜನ ಅಲ್ಲಿ ನಿಂತು ನೋಡಿ ಫೋನ್ ಮಾಡುತ್ತಾರೆ.

ಕೆಲಸದ ಕ್ರಮವೂ ತಿರುಗಿತು. ಮೊದಲು ಬೆಳಗ್ಗೆ ಆ್ಯಪ್ ನೋಡಿ ಹೊರಡುತ್ತಿದ್ದೆವು. ಈಗ ತಿಂಗಳ ಮೊದಲ ವಾರ ಯೂನಿಟ್ ಪಟ್ಟಿ ನೋಡುತ್ತೇವೆ, ಕಡಿಮೆ ತಿಂದ ದೀಪಗಳನ್ನು ಗುರುತು ಮಾಡುತ್ತೇವೆ. ದೂರುಗಳನ್ನು ಅದರ ಪಕ್ಕದಲ್ಲಿಟ್ಟು, ಎರಡೂ ತಾಳೆಯಾಗದ ದೀಪಕ್ಕೆ ಮೊದಲು ಹೋಗುತ್ತೇವೆ. ಹಗಲಲ್ಲಿ ರೋಗ ನೋಡಿ ರಿಪೇರಿ, ಸಂಜೆ ಕಂಬದ ಕೆಳಗೆ ನಿಂತು ಮಿಟುಕಿಸಿ ಖಾತ್ರಿ. ಫಿಟ್ಟಿಂಗ್ ಒಂದು ಕಂಬದಿಂದ ಇನ್ನೊಂದಕ್ಕೆ ಹೋದರೆ, ಏಣಿ ಮಡಚುವ ಮೊದಲು ಆ್ಯಪ್‌ನಲ್ಲಿ ಬದಲಾವಣೆ ಆಗಿರಬೇಕು. ದೂರು ಮುಗಿಯಿತು ಎಂದು ಬರೆಯುವುದು ದೂರು ಕೊಟ್ಟವರು ‘ಉರೀತಾ ಉಂಟು’ ಎಂದ ಮೇಲೆ. ಇದಕ್ಕೆ ಒಂದು ಫೋನ್ ಸಾಕು, ಆದರೂ ಮೊದಲು ನಾವು ಮಾಡುತ್ತಿರಲಿಲ್ಲ.

ಒಂದು ದೀಪ ಇನ್ನೂ ಬಾಕಿ ಇದೆ, 41ನೆಯದು. ಅದಕ್ಕೂ ಅದರ ಹಿಂದಿನ ದೀಪಕ್ಕೂ ನಡುವೆ ದೂರ ಜಾಸ್ತಿ, ಎರಡೂ ಬದಿ ಅಡಿಕೆ ತೋಟ. ಬೇಸಿಗೆಯಲ್ಲಿ ಟೋಪಿ ಮಾತಾಡುತ್ತದೆ. ಮಳೆ ಬಂದು ಸೋಗೆ ಒದ್ದೆಯಾದರೆ ಬ್ಲೂಟೂತ್ ಸಿಗ್ನಲನ್ನು ಎಲೆಯ ನೀರೇ ಕುಡಿಯುತ್ತದೆ, ಚುಕ್ಕೆ ಕೆಂಪಾಗುತ್ತದೆ. ದೀಪ ಮಾತ್ರ ಉರಿಯುತ್ತಿರುತ್ತದೆ. ನಡುವಿನ ಕಂಬದಲ್ಲಿ ಒಂದು ದೀಪ ಹಾಕಿದರೆ ಸಿಗ್ನಲೂ ದಾಟುತ್ತದೆ, ಮಂದಿರದ ಮೆಟ್ಟಿಲಿಗೂ ಬೆಳಕಾಗುತ್ತದೆ. ಮೆಂಬರ್ ಮೂಲಕ ಅರ್ಜಿ ಕೊಟ್ಟಿದ್ದೇವೆ. ಅದು ಮಂಜೂರಾಗುವ ತನಕ ಮಳೆಗಾಲದಲ್ಲಿ ವಾರಕ್ಕೊಂದು ರಾತ್ರಿ ನಾವೇ ಬೈಕಿನಲ್ಲಿ ಹೋಗಿ 41ನ್ನು ನೋಡಿ ಬರುತ್ತೇವೆ. ಹೋಗುವಾಗ ದಾರಿಯಲ್ಲಿ ಮೋರಿ ಸಿಗುತ್ತದೆ.